ಉಳುವವನಿಗೆ ಉಪದೇಶಿಸುವ ದೇವರು

ಓದತಕ್ಕ ವೇದಭಾಗ: ಯೆಶಾಯ 28ನೆಯ ಅಧ್ಯಾಯ, 23ರಿಂದ 29ನೆಯ ವಚನಗಳು.



ಕೆಲವು ವರುಷಗಳ ಹಿಂದೆ ಮುಂಗಾರು ತಡವಾಗಲು, ನಮ್ಮ ವಶದಲ್ಲಿದ್ದ ಸಭೆಗಳಲ್ಲೊಂದರಲ್ಲಿ ಮೂರು ದಿವಸ ಉಪವಾಸವಿದ್ದು ಪ್ರಾರ್ಥಿಸಿದೆವು. ನಾಲ್ಕನೆಯ ದಿವಸದ ರಾತ್ರಿ ಮಳೆ ಬಂತು. ಹಂಚು ಒಡೆಯುವ ಹಾಗೆ ಬಂತು. ಬೆಳಗಾಗುತ್ತಲೇ ಸಭೆಯವರೊಂದಿಗೆ ದೇವರಿಗೆ ಸ್ತೋತ್ರ ಸಲ್ಲಿಸಬೇಕೆಂದು ಮನೆಮನೆಗೆ ಹೊರಟೆವು. ಊರ ಮೇಲಣ ದಿಬ್ಬದಲ್ಲಿ ಎರಡು ಎಕರೆ ಕೆಂಪು ಹೊಲವುಳ್ಳ ಒಬ್ಬ ವೃದ್ಧ ಸಹೋದರನು ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋಗಿ ನೋಡಿದರೆ ಅವನು ತಗ್ಗಿನ ಬದುವಿನ ಬಳಿ ಸುಮ್ಮನೆ ನಿಂತಿದ್ದನು. ಹಿಂದಿನ ವಾರ ಅವನು ಬಿತ್ತಿದ್ದ ರಾಗಿಯೂ, ಬೇಸಗೆಯೆಲ್ಲಾ ಅವನ ಸೊಸೆಯು ತಲೆಯ ಮೇಲೆ ಹೊತ್ತು ಹಾಕಿದ್ದ ತಿಪ್ಪೆಗೊಬ್ಬರವೂ ಹಳ್ಳದ ಪಾಲಾಗಿದ್ದವು. ಹೊಲದ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಅವನು ನಮ್ಮನ್ನು ನೋಡಿ, “ಉಪದೇಶಿಗಳೇ, ಮಳೆ ಬೇಕೆಂದು ಬೇಡಿದೆವು, ದೇವರು ಕೊಟ್ಟನು. ಮಳೆಯ ಸಂಗಡ ನನ್ನ ಮಣ್ಣು ಹೋಯಿತು. ಈಗ ನಾನು ಏನೆಂದು ಪ್ರಾರ್ಥಿಸಲಿ? ನೀವೇ ಹೇಳಿಕೊಡಿರಿ” ಅಂದನು.

ನಾವು ಉತ್ತರ ಹೇಳಲಾರದೆ ಹೋದೆವು. ನಮ್ಮ ಬಾಯಿ ಕಟ್ಟಿದ್ದಕ್ಕೆ ಮತ್ತೊಂದು ಕಾರಣವೂ ಇತ್ತು. ಅದೇ ವರುಷದ ಬೇಸಗೆಯಲ್ಲಿ ಪಕ್ಕದ ಊರಿನಲ್ಲಿ ಸಣ್ಣ ಹಿಡುವಳಿಯವರಿಗೋಸ್ಕರ ಎರಡು ದಿವಸದ ಬೇಸಾಯದ ತರಬೇತಿಕೂಟವು ನಡೆದಿತ್ತು. ಇಳಿಜಾರಿನ ಹೊಲದಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸುವ ಬಗೆಯೇ ಅಲ್ಲಿಯ ಪಾಠ. “ಹೋಗಿಬರಲೋ?” ಎಂದು ಈ ವೃದ್ಧನು ನಮ್ಮನ್ನು ಕೇಳಿದ್ದನು. ಆ ದಿವಸಗಳಲ್ಲಿ ಪ್ರಾರ್ಥನಾಕೂಟ ಇದೆ, ಅದು ಲೋಕದ ಕಾರ್ಯ, ನಂಬಿದವನಿಗೆ ದೇವರು ಒದಗಿಸುವನು ಎಂದು ಹೇಳಿ ನಾವೇ ಅವನನ್ನು ತಡೆದಿದ್ದೆವು. ಆ ತಪ್ಪನ್ನು ಈ ದಿವಸ ನಿಮ್ಮ ಮುಂದೆ ಒಪ್ಪಿಕೊಂಡು, ಅವನ ಪ್ರಶ್ನೆಗೆ ದೇವರ ವಾಕ್ಯದಲ್ಲಿ ನಮಗೆ ದೊರೆತ ಉತ್ತರವನ್ನು ತಿಳಿಸಬೇಕೆಂದಿದ್ದೇವೆ.

ಪ್ರವಾದಿಯಾದ ಯೆಶಾಯನು ಯೆರೂಸಲೇಮಿನ ಅಧಿಪತಿಗಳಿಗೆ ಕಠಿಣವಾದ ಮಾತುಗಳನ್ನು ಹೇಳಿ, ನಡುವೆ ಥಟ್ಟನೆ ಅವರ ಕಣ್ಣನ್ನು ಒಬ್ಬ ಉಳುವವನ ಕಡೆಗೆ ತಿರುಗಿಸುತ್ತಾನೆ. ಇವನನ್ನು ನೋಡಿರಿ, ಇವನು ಉಳುತ್ತಲೇ ಕಾಲ ಕಳೆಯುವದಿಲ್ಲ. ನೆಲವನ್ನು ಸಮ ಮಾಡಿದ ಮೇಲೆ ಜೀರಿಗೆಯನ್ನು ಜೀರಿಗೆಯ ಹಾಗೆ ಚೆಲ್ಲುತ್ತಾನೆ, ಗೋದಿಯನ್ನು ಸಾಲಿನಲ್ಲಿ ಹಾಕುತ್ತಾನೆ, ಅಂಚಿಗೆ ಬೇರೆ ಧಾನ್ಯವನ್ನು ಬಿತ್ತುತ್ತಾನೆ. ಒಕ್ಕುವಾಗಲೂ ಜೀರಿಗೆಯ ಮೇಲೆ ಗಾಲಿಯನ್ನು ಉರುಳಿಸದೆ ಕೋಲಿನಿಂದ ಬಡಿಯುತ್ತಾನೆ ಎಂದು ವಿವರಿಸುತ್ತಾನೆ. ತನ್ನ ಜನರನ್ನು ಶಿಕ್ಷಿಸುವಾಗಲೂ ದೇವರು ಹೀಗೆಯೇ ಅಳತೆ ತಿಳಿದವನಾಗಿದ್ದಾನೆಂಬದು ಆ ಸಾಮ್ಯದ ತಾತ್ಪರ್ಯ. ಆದರೆ ಉಳುವವನಿಗೆ ಈ ವಿವೇಕವನ್ನು ಕಲಿಸಿದವನು ಯಾರು? ಅವನ ದೇವರೇ ಎಂದು ಪ್ರವಾದಿಯು ಸ್ಪಷ್ಟವಾಗಿ ಹೇಳುತ್ತಾನೆ. ಈ ಭಾಗದಿಂದ ಮೂರು ಸಂಗತಿಗಳನ್ನು ಧ್ಯಾನಿಸೋಣ.

ಮೊದಲನೆಯದು: ಬೇಸಾಯದ ತಿಳುವಳಿಕೆಯು ದೇವರ ಉಪದೇಶವಾಗಿದೆ.

ದೇವಾಲಯದಲ್ಲಿ ಯಾಜಕನಿಗೆ ಕಲಿಸಿದ ದೇವರು ಹೊಲದಲ್ಲಿ ರೈತನಿಗೂ ಕಲಿಸುತ್ತಾನೆ. ಆದಿಕಾಂಡದ 2ನೆಯ ಅಧ್ಯಾಯವನ್ನು ಓದಿರಿ. ಮನುಷ್ಯನು ಪಾಪದಲ್ಲಿ ಬೀಳುವದಕ್ಕೆ ಮುಂಚೆಯೇ ಅವನಿಗೆ ತೋಟದ ಕೆಲಸವು ಕೊಡಲ್ಪಟ್ಟಿತು. ನೆಲವನ್ನು ಸಾಗುವಳಿ ಮಾಡುವದು ಒಂದು, ಅದನ್ನು ಕಾಯುವದು ಮತ್ತೊಂದು, ಎರಡೂ ಅಪ್ಪಣೆಗಳೇ. ನಾವು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟೆವು. ಉತ್ತೆವು, ಬಿತ್ತಿದೆವು, ಕೊಯ್ದೆವು, ಕಾಯಲಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಭೂಮಿಯು ತನ್ನದೆಂದೂ ಇಸ್ರಾಯೇಲ್ಯರು ಅದರಲ್ಲಿ ಒಕ್ಕಲಿರುವ ಪರವಾಸಿಗಳೆಂದೂ ಕರ್ತನು ತಿಳಿಸುತ್ತಾನೆ. ಪಹಣಿಯಲ್ಲಿ ನಮ್ಮ ಹೆಸರಿರಬಹುದು. ಆದರೂ ನಾವು ಮನೆವಾರ್ತೆಯವರೇ. ಒಂದು ಅಂಗುಲ ಮೇಲ್ಮಣ್ಣು ಕೂಡುವದಕ್ಕೆ ನೂರಾರು ವರುಷಗಳು ಹಿಡಿಯುತ್ತವೆ. ಅದು ಹೋಗುವದಕ್ಕೆ ಕೆಲವು ಬಿರುಮಳೆಗಳು ಸಾಕು. ಯಜಮಾನನು ಲೆಕ್ಕ ಕೇಳುವ ದಿವಸದಲ್ಲಿ, “ಸ್ವಾಮೀ, ನಿನ್ನ ಮಣ್ಣು ಹಳ್ಳದಲ್ಲಿದೆ” ಎಂದು ಹೇಳುವದು ಸಾಕಾದೀತೇ?

ಇದು ಹೊಸ ಬೋಧನೆಯೆಂದು ಯಾರೂ ಭಾವಿಸಬಾರದು. 1903ರಲ್ಲಿ ಹಿಂದೂದೇಶಕ್ಕೆ ಬಂದ ಸ್ಯಾಮ್ ಹಿಗಿನ್‌ಬಾಟಮ್ ಎಂಬ ಮಿಷನೆರಿಗಳು ಅಲಹಾಬಾದಿನಲ್ಲಿ ಪಾಠ ಹೇಳುತ್ತಿದ್ದಾಗ, ಸುತ್ತಲಿನ ಹಳ್ಳಿಯವರ ಹಸಿವನ್ನು ನೋಡಿ ಸುಮ್ಮನಿರಲಾರದೆ, ತಾವೇ ವಿದ್ಯಾರ್ಥಿಯಾಗಿ ಬೇಸಾಯಶಾಸ್ತ್ರವನ್ನು ಕಲಿತರು. ಅವರು ಯಮುನಾನದಿಯ ದಡದಲ್ಲಿ ಸ್ಥಾಪಿಸಿದ ಬೇಸಾಯದ ವಿದ್ಯಾಲಯದ ಆರಂಭವು 1910ನೆಯ ಇಸವಿಯದು. 1921ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಸುವಾರ್ತೆಯನ್ನೂ ನೇಗಿಲನ್ನೂ ಜೊತೆ ಮಾಡಿದರು. ನಮ್ಮ ಪಿತೃಗಳು ಮಾತ್ರ ತಿಳಿಯದವರಾಗಿದ್ದರೇ? ರಾಗಿಯ ಹೊಲದಲ್ಲಿ ಅಕ್ಕಡಿಸಾಲು ಹಾಕಿ ಅವರೆಯನ್ನೂ ತೊಗರಿಯನ್ನೂ ಹುಚ್ಚೆಳ್ಳನ್ನೂ ಬಿತ್ತುತ್ತಿದ್ದವರು ಅವರೇ. ಒಂದು ಕೆಟ್ಟರೆ ಒಂದು ಉಳಿಯುತ್ತಿತ್ತು. ಅವರೆ ತೊಗರಿಗಳ ಬೇರು ನೆಲಕ್ಕೆ ಸಾರವನ್ನು ಕೊಡುತ್ತಿತ್ತು. ಯೆಶಾಯನ ಉಳುವವನು ಅಂಚಿಗೆ ಬೇರೆ ಧಾನ್ಯ ಬಿತ್ತಿದ್ದನ್ನು ಓದುವಾಗ ನಮ್ಮ ಅಜ್ಜಂದಿರ ಹೊಲವೇ ಕಣ್ಣಿಗೆ ಬರುತ್ತದೆ. ಆ ಪಾಠವನ್ನು ಮರೆತವರು ನಾವು. ಮರೆತದ್ದನ್ನು ತಿರುಗಿ ಕಲಿಯುವದಕ್ಕೆ ಹೋಗುವವನು ದೇವರನ್ನು ಬಿಟ್ಟುಹೋಗುವವನಲ್ಲ. ಆತನ ಪಾಠಶಾಲೆಗೆ ಹೋಗುವವನಾಗಿದ್ದಾನೆ.

ಎರಡನೆಯದು: ದೇವರ ಉಪದೇಶದಲ್ಲಿ ಅಳತೆಯೂ ಕ್ರಮವೂ ಉಂಟು.

ಇದಕ್ಕೆ ದೃಷ್ಟಾಂತವಾಗಿ ಸಮುದ್ರದ ಆಚೆಯ ಒಂದು ಬೆಟ್ಟದ ಸೀಮೆಯ ಸಂಗತಿಯನ್ನು ಹೇಳುತ್ತೇವೆ. ಫಿಲಿಪ್ಪೀನ್ ದ್ವೀಪಗಳಲ್ಲಿ ಮಿಂಡನಾವ್ ಎಂಬದು ಒಂದು ದೊಡ್ಡ ದ್ವೀಪ. ಅಲ್ಲಿಯ ಬನ್ಸಾಲನ್ ಎಂಬ ಊರಿನ ಬಳಿ 1971ರಲ್ಲಿ ಬ್ಯಾಪ್ಟಿಸ್ಟ್ ಸಭೆಯವರು ಹಳ್ಳಿಗರಿಗಾಗಿ ಒಂದು ಬೇಸಾಯದ ಕೇಂದ್ರವನ್ನು ತೆರೆದರು. ಅದರ ಮುಖ್ಯಸ್ಥರು ಅಮೆರಿಕಾ ದೇಶದ ಮಿಸಿಸಿಪ್ಪಿ ಸೀಮೆಯಿಂದ ಬಂದ ಹೆರಾಲ್ಡ್ ವಾಟ್ಸನ್ ಎಂಬ ಮಿಷನೆರಿಗಳು. ಅಲ್ಲಿಯ ಬೆಟ್ಟಗಳ ಕಾಡು ಕಡಿದುಹೋಗಿತ್ತು. ಬಡ ರೈತರು ಇಳಿಜಾರಿನಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು. ವರುಷವರುಷಕ್ಕೂ ತೆನೆಯು ಸಣ್ಣದಾಗುತ್ತಿತ್ತು. ವಾಟ್ಸನರೂ ಅವರ ಫಿಲಿಪ್ಪೀನ್ ಸಹೋದ್ಯೋಗಿಗಳೂ ರೈತರ ಮಾತನ್ನು ಕೇಳಿ, ಅವರ ಹೊಲಗಳನ್ನು ನೋಡಿ, ರೋಗದ ಬೇರು ಮಣ್ಣಿನ ಕೊಚ್ಚಣೆಯೆಂದು ಕಂಡುಕೊಂಡರು. 1978ರಲ್ಲಿ ಇಳಿಜಾರಿನ ಒಂದು ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆ ನೆಲದಲ್ಲಿ ಪರೀಕ್ಷೆಯನ್ನು ಆರಂಭಿಸಿ, 1980ರ ವೇಳೆಗೆ ಅದನ್ನು ಹತ್ತು ಪಾಠಗಳ ಒಂದು ಪದ್ಧತಿಯಾಗಿ ಮಾಡಿದರು.

ಆ ಪದ್ಧತಿಯು ಬಡವನ ಕೈಗೆ ಎಟಕುವಂಥದು. ಮೊದಲನೆಯ ಪಾಠವೇ ಒಂದು ಅಳತೆಯ ಸಾಧನವನ್ನು ಮಾಡಿಕೊಳ್ಳುವದು. ಸಮ ಉದ್ದದ ಎರಡು ಗಳುಗಳ ತುದಿಯನ್ನು ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಗೋಲನ್ನು ಬಿಗಿದು, ಮೇಲಣ ತುದಿಯಿಂದ ದಾರಕ್ಕೆ ಒಂದು ಕಲ್ಲನ್ನು ತೂಗುಬಿಡುವದು; ಇಷ್ಟೇ. ಅದನ್ನು ನೆಲದ ಮೇಲೆ ನಿಲ್ಲಿಸಿ, ದಾರವು ಅಡ್ಡಗೋಲನ್ನು ಮುಟ್ಟುವ ಕಡೆ ಗುರುತು ಹಾಕಬೇಕು. ಬಳಿಕ ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಜಾಗಗಳಲ್ಲಿ ಊರಿ ಮತ್ತೊಂದು ಗುರುತು ಹಾಕಬೇಕು. ಆ ಎರಡು ಗುರುತುಗಳ ನಟ್ಟನಡುವೆ ಸಮಮಟ್ಟದ ಗುರುತು ಇರುವದು. ಆ ಮೇಲೆ ದಾರವು ನಡುಗುರುತಿಗೆ ಬರುವ ಹಾಗೆ ಹೆಜ್ಜೆಹೆಜ್ಜೆಯಾಗಿ ಹೊಲಕ್ಕೆ ಅಡ್ಡವಾಗಿ ನಡೆದು ಗೂಟ ನೆಡುತ್ತಾ ಹೋದರೆ, ನೀರು ಓಡದೆ ನಿಲ್ಲುವ ಗೆರೆಯು ತಾನೇ ಕಾಣಿಸಿಕೊಳ್ಳುತ್ತದೆ. ಕೊಂಡುತರಬೇಕಾದ ವಸ್ತುವು ಇದರಲ್ಲಿ ಯಾವದೂ ಇಲ್ಲ.

ಪ್ರಿಯರೇ, ಪ್ರವಾದಿಯಾದ ಆಮೋಸನು ಕರ್ತನನ್ನು ನೂಲುಗುಂಡು ಹಿಡಿದು ಗೋಡೆಯ ಬಳಿ ನಿಂತವನಾಗಿ ಕಂಡನು. ನೂಲು ಯಾರ ಮುಖವನ್ನೂ ನೋಡುವದಿಲ್ಲ. ನಮ್ಮ ಕಣ್ಣಿಗೆ ಸಮವೆಂದು ತೋರಿದ ನೆಲವು ನೂಲಿನ ಮುಂದೆ ಸೊಟ್ಟಗೆ ಕಾಣುತ್ತದೆ. ಅಜ್ಜ ಉತ್ತ ಹಾಗೆ, ಬದುವಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ ನಾವು ಉಳುತ್ತೇವೆ. ಪ್ರತಿ ಸಾಲೂ ಮಳೆಯ ನೀರಿಗೆ ಒಂದು ಕಾಲುವೆಯಾಗುತ್ತದೆ. ಇದು ಸರಿಯಲ್ಲವೆಂದು ಕಲ್ಲು ಕಟ್ಟಿದ ದಾರ ಹೇಳಿದರೆ ಅದನ್ನು ತಗ್ಗಿದ ಮನಸ್ಸಿನಿಂದ ಒಪ್ಪಿಕೊಳ್ಳುವದೂ ಒಂದು ಮಾನಸಾಂತರವೇ.

ಗೆರೆ ಸಿಕ್ಕಿದ ಮೇಲೆ, ಆ ಗೆರೆಗುಂಟ ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕವನ್ನು ಕೊಡುವ ಗಿಡಗಳನ್ನು ಎರಡೆರಡು ಸಾಲಾಗಿ ಒತ್ತಾಗಿ ನೆಡುತ್ತಾರೆ. ನಾಲ್ಕೈದು ಮೀಟರಿಗೆ ಒಂದರಂತೆ ಇಂಥ ಬೇಲಿಸಾಲುಗಳು ಬರುತ್ತವೆ. ನಡುವಣ ಪಟ್ಟಿಗಳಲ್ಲಿ ಮೂರಕ್ಕೊಂದರಂತೆ ಕಾಫಿ, ಬಾಳೆ ಮುಂತಾದ ಬಹುಕಾಲದ ಬೆಳೆ. ಉಳಿದವುಗಳಲ್ಲಿ ಧಾನ್ಯವನ್ನೂ ಕಾಳನ್ನೂ ವರುಷವರುಷ ಬದಲಿಸಿ ಬೆಳೆಯುತ್ತಾರೆ. ಬೇಲಿಯ ಗಿಡಗಳು ನೆರಳು ಕವಿಯುವಷ್ಟು ಎತ್ತರ ಬೆಳೆದಾಗಲೆಲ್ಲಾ ಅವುಗಳನ್ನು ಮೊಣಕಾಲ ಮಟ್ಟಕ್ಕೆ ಸವರಿ, ಸೊಪ್ಪನ್ನು ಬೆಳೆಯ ಬುಡಕ್ಕೆ ಹಾಸುತ್ತಾರೆ. ಹರಿದುಬರುವ ಮಣ್ಣು ಬೇಲಿಯಲ್ಲಿ ತಂಗಿ, ಕೆಲವು ವರುಷಗಳಲ್ಲಿ ಮೆಟ್ಟಲುಗಳಂತೆ ನೆಲವು ಸಮವಾಗುತ್ತದೆ. ಆ ಕೇಂದ್ರದವರು ಅಳೆದು ಪ್ರಕಟಿಸಿದ ಲೆಕ್ಕವನ್ನು ಕೇಳಿರಿ: ಹಳೆಯ ರೀತಿಯಲ್ಲಿ ಉತ್ತ ಇಳಿಜಾರಿನಿಂದ ವರುಷಕ್ಕೆ ಹೆಕ್ಟೇರಿಗೆ 190 ಟನ್ನಿಗಿಂತಲೂ ಹೆಚ್ಚು ಮಣ್ಣು ಕೊಚ್ಚಿಹೋಯಿತು, ಬೇಲಿಸಾಲಿನ ಹೊಲದಿಂದ ಹೋದದ್ದು ನಾಲ್ಕು ಟನ್ನಿಗೂ ಕಡಿಮೆ. 1985ರಲ್ಲಿ ವಾಟ್ಸನರಿಗೆ ರಾಮೋನ್ ಮಗ್ಸಾಯ್ಸಾಯ್ ಪ್ರಶಸ್ತಿಯು ದೊರೆಯಿತು.

ಆ ಪದ್ಧತಿಯ ಆಂಗ್ಲ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಸಾಲ್ಟ್ ಎಂದಾಗುತ್ತದೆ, ಅಂದರೆ ಉಪ್ಪು. ಉಪ್ಪು ಬಿದ್ದ ಹೊಲ ಕೆಡುವದೆಂದು ನಿಮಗೆ ಗೊತ್ತು. ಆದರೆ ಕರ್ತನು ಬೆಟ್ಟದ ಪ್ರಸಂಗದಲ್ಲಿ ತನ್ನ ಶಿಷ್ಯರನ್ನು ಭೂಮಿಯ ಉಪ್ಪಿಗೆ ಹೋಲಿಸಿದ್ದು ಕೆಡುವದನ್ನು ಕಾಯುವ ಗುಣಕ್ಕಾಗಿ ಅಲ್ಲವೇ? ಭೂಮಿಗೆ ಉಪ್ಪಾಗಿರುವದೆಂಬ ಮಾತನ್ನು ಇಷ್ಟು ದಿವಸ ನಾವು ನಡತೆಯ ವಿಷಯದಲ್ಲಿ ಮಾತ್ರ ಬೋಧಿಸಿದೆವು. ನಮ್ಮ ಕಾಲಕೆಳಗಿನ ಭೂಮಿಗೂ ನಾವು ಕಾವಲಾಗಬೇಕೆಂದು ಆ ಬೆಟ್ಟದ ರೈತರು ನಮಗೆ ನೆನಪು ಮಾಡಿದ್ದಾರೆ.

ಆದರೂ ಪದ್ಧತಿಯನ್ನೇ ದೇವರನ್ನಾಗಿ ಮಾಡಿಕೊಳ್ಳಬಾರದು. ಅವರು ಆರಂಭದಲ್ಲಿ ಹೆಚ್ಚಾಗಿ ನೆಚ್ಚಿದ್ದು ನಾವು ಸುಬಾಬುಲ್ ಎಂದು ಕರೆಯುವ ಗಿಡವನ್ನು. 1980ರ ದಶಕದ ನಡುವಿನಲ್ಲಿ ಒಂದು ಸಣ್ಣ ಹೇನುಜಾತಿಯ ಕೀಟವು ಬಂದು ಆ ಗಿಡಗಳ ಚಿಗುರನ್ನು ಹೀರಿ ಹಾಳುಮಾಡಿತು. ಆಗ ಅವರು ಕೈಚೆಲ್ಲಿ ಕೂತುಕೊಳ್ಳದೆ, ಹಲವು ಬಗೆಯ ಗಿಡಗಳನ್ನು ಬೆರೆಸಿ ನೆಡಲು ಕಲಿತರು. ನಮ್ಮಲ್ಲಿ ಗೊಬ್ಬರದ ಗಿಡವೆಂದು ಹೆಸರಾದ ಗ್ಲಿರಿಸಿಡಿಯವೂ ಅವುಗಳಲ್ಲಿ ಒಂದು. ಇದಲ್ಲದೆ ಬೇಲಿಯನ್ನು ಸವರುವ ದುಡಿಮೆ ಬಹಳವೆಂದು ಬಿಟ್ಟುಬಿಟ್ಟ ರೈತರೂ ಆ ದೇಶದಲ್ಲಿ ಉಂಟು. ಇದನ್ನು ಮರೆಮಾಡುವದು ಸತ್ಯವಲ್ಲ. ಕಲಿಸುವ ದೇವರು ಒಂದೇ ಸಾರಿ ಎಲ್ಲವನ್ನೂ ಕಲಿಸಿ ಮುಗಿಸುವದಿಲ್ಲ. ತಪ್ಪಿದ ಕಡೆಯಿಂದ ತಿರುಗಿ ಕಲಿಸುತ್ತಾನೆ.

ಮೂರನೆಯದು: ದೇವರು ನಮಗೆ ಕೂಡಿಸಿ ಕಲಿಸುತ್ತಾನೆ.

ಅದೇ ಮಿಂಡನಾವ್ ದ್ವೀಪದ ಉತ್ತರಕ್ಕೆ ಕ್ಲಾವೇರಿಯ ಎಂಬ ಊರು ಇದೆ. ಅಲ್ಲಿಯ ರೈತರಿಗೆ ಬೇಲಿಸಾಲಿನ ದುಡಿಮೆ ಭಾರವಾಗಲು, ಅವರು ಇನ್ನೂ ಸುಲಭವಾದ ಒಂದು ದಾರಿಯನ್ನು ಹಿಡಿದರು. ಸಮಮಟ್ಟದ ಗೆರೆಗುಂಟ ಒಂದೂವರೆ ಅಡಿಯಷ್ಟು ಅಗಲದ ಪಟ್ಟಿಯನ್ನು ಉಳದೆ ಹಾಗೆಯೇ ಬಿಟ್ಟರು. ಅಲ್ಲಿ ತಾನಾಗಿ ಹುಟ್ಟಿದ ಹುಲ್ಲೇ ಮಣ್ಣನ್ನು ಹಿಡಿಯಿತು. 1996ರಲ್ಲಿ ಅಲ್ಲಿಯ ರೈತರು ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ಒಬ್ಬರಿಗೊಬ್ಬರು ಕಲಿಸಿದರು. ಬೀಜಕ್ಕೆ ಕಾಸಿಲ್ಲದ ವಿಧವೆಯೂ ಇದನ್ನು ಮಾಡಬಹುದು. ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಒಂದೂವರೆ ಅಡಿಯನ್ನು ಮಣ್ಣಿಗೋಸ್ಕರ ಬಿಡುವದಕ್ಕೆ ನಮ್ಮ ಕೈ ಹಿಂಜರಿಯಬೇಕೇ?

ಇನ್ನು ಒಂದು ಮಾತನ್ನು ಗಮನಿಸಿರಿ. ನೀರಿಗೆ ಹದ್ದುಬಸ್ತು ಇಲ್ಲ. ಮೇಲಣ ಹೊಲದವನು ನೀರನ್ನು ಬಿಟ್ಟರೆ ಕೆಳಗಿನವನ ಬದು ಒಡೆಯುತ್ತದೆ. ಆದದರಿಂದ ಒಬ್ಬನೇ ಕಲಿತರೆ ಸಾಲದು. ಮೇಲಣ ಹೊಲದವನು ಬೇರೆ ಮತದವನಾಗಿರಬಹುದು, ಬೇರೆ ಕುಲದವನಾಗಿರಬಹುದು. ಅವನ ಸಂಗಡ ಕೂತು ಕಲಿಯದ ಹೊರತು ನಿಮ್ಮ ಮಣ್ಣು ನಿಲ್ಲದು. ನನ್ನ ನೆರೆಯವನು ಯಾರು ಎಂದು ಒಬ್ಬ ಶಾಸ್ತ್ರಿಯು ಕರ್ತನನ್ನು ಕೇಳಿದನು. ಮಳೆ ಬಿದ್ದ ದಿವಸ ಬದುವಿನ ಬಳಿ ನಿಂತರೆ ಆ ಪ್ರಶ್ನೆಗೆ ಉತ್ತರವು ನೀರಿನಲ್ಲಿಯೇ ಬರುವದು.

ನಮ್ಮಲ್ಲಿ ಕೆಲವರು ಇಂಥ ಕೂಟಗಳಿಗೆ ಹೋಗಲು ಸಂಕೋಚಪಡುತ್ತಾರೆಂದು ಬಲ್ಲೆವು. ಅಲ್ಲಿ ನಮ್ಮನ್ನು ಯಾರು ಕೇಳುವರು, ಹಿಂದೆ ಕೂತು ಎದ್ದುಬರಬೇಕು ಎಂಬ ಹಳೆಯ ನೋವು ಸುಳ್ಳಲ್ಲ. ಮುಂದಿನ ಬೇಸಗೆಯಲ್ಲಿ ಆ ವೃದ್ಧನ ಸಂಗಡ ನಾವೇ ಒಂದು ಕೂಟಕ್ಕೆ ಹೋದೆವು. ಅವನು ಬಾಗಲ ಬಳಿ ಕೂತನು. ಗೆರೆ ಎಳೆಯುವ ಪಾಠ ಬಂದಾಗ ಕಲಿಸುವವರು, ದಿಬ್ಬದಲ್ಲಿ ಉಳುವವರು ಯಾರಿದ್ದೀರಿ ಎಂದು ಕೇಳಲು ಅವನು ಕೈಯೆತ್ತಿದನು. ದಾರ ಕಟ್ಟಿದ ಗಳುಗಳನ್ನು ಅವನ ಕೈಗೇ ಕೊಟ್ಟರು. ನಲವತ್ತು ಮಂದಿ ಅವನ ಹಿಂದೆ ನಡೆದರು; ಅವರಲ್ಲಿ ಅವನ ಹೊಲದ ಮೇಲಣ ಹೊಲದ ಯಜಮಾನನೂ ಇದ್ದನು. ಮಧ್ಯಾಹ್ನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಅವರ ಊರಿನಲ್ಲಿ ಅದಕ್ಕೆ ಮುಂಚೆ ನಾವು ಅಂಥದನ್ನು ಕಂಡಿರಲಿಲ್ಲ.

ಫಲವು ಕೂಡಲೇ ದೊರೆಯಿತೆಂದು ಹೇಳಲಾರೆವು. ಅವನು ಗೆರೆಗುಂಟ ನೆಟ್ಟ ಗೊಬ್ಬರದ ಗಿಡದ ಕಡ್ಡಿಗಳಲ್ಲಿ ಅರ್ಧದಷ್ಟು ಮೊದಲನೆಯ ವರುಷ ಒಣಗಿಹೋದವು. ಕೊರಕಲು ಈ ಹೊತ್ತಿಗೂ ಪೂರ್ತಿಯಾಗಿ ಮುಚ್ಚಿಲ್ಲ. ಆದರೆ ಮೂರನೆಯ ವರುಷದ ದೊಡ್ಡ ಮಳೆಯ ಮರುದಿವಸ ನಾವು ಅಲ್ಲಿಗೆ ಹೋದಾಗ, ತಗ್ಗಿನ ಬದುವಿನ ಬಳಿ ನಿಂತಿದ್ದ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಅವನು ಅದನ್ನು ಬೊಗಸೆಯಲ್ಲಿ ಎತ್ತಿ ನಮಗೆ ತೋರಿಸಿ, “ಉಪದೇಶಿಗಳೇ, ಈಗ ಸ್ತೋತ್ರ ಹೇಳಿರಿ” ಅಂದನು.

ಹೀಗಿರಲಾಗಿ ನಾವು ಮಾಡಬೇಕಾದದ್ದೇನು? ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿ, ಇಂಥ ಕೂಟವು ಯಾವಾಗ ನಡೆಯುವದೆಂದು ತಿಳಿದುಕೊಳ್ಳಿರಿ. ಒಬ್ಬೊಬ್ಬರಾಗಿ ಹೋಗದೆ, ಮೇಲಣ ಹೊಲದವರನ್ನೂ ಕೆಳಗಣ ಹೊಲದವರನ್ನೂ ಕರಕೊಂಡು ಹೋಗಿರಿ. ಸಹೋದರಿಯರನ್ನು ಮನೆಯಲ್ಲಿ ಬಿಡಬೇಡಿರಿ. ಗೊಬ್ಬರ ಹೊತ್ತವರೂ ಬೀಜ ಕಾಪಾಡಿದವರೂ ಅವರೇ ಆಗಿದ್ದಾರೆ. ಕಲಿತು ಬಂದವನು ತನ್ನಲ್ಲಿಯೇ ಇಟ್ಟುಕೊಳ್ಳದೆ ಸಭೆಯವರಿಗೂ ಊರವರಿಗೂ ಹೊಲದಲ್ಲಿಯೇ ತೋರಿಸಲಿ. ಗೂಟ ನೆಡುವ ದಿವಸ ಮುಯ್ಯಾಳುಗಳಾಗಿ ಒಬ್ಬರ ಹೊಲದಲ್ಲಿ ಒಬ್ಬರು ದುಡಿಯಿರಿ. ಎಲ್ಲಾ ನೆಲಕ್ಕೂ ಒಂದೇ ಔಷಧವಲ್ಲ. ಎರೆಭೂಮಿಗೆ ಒಂದು ರೀತಿ, ಕೆಂಪುನೆಲಕ್ಕೆ ಒಂದು ರೀತಿ. ಮೊದಲು ಕೆಲವು ಗುಂಟೆಯಲ್ಲಿ ಮಾಡಿ ನೋಡಿರಿ. ಉಪದೇಶಿಗಳಾದ ನಮ್ಮ ಜೊತೆಯವರಿಗೂ ಒಂದು ವಿಜ್ಞಾಪನೆ: ಹೊಲಕ್ಕೆ ಹೋಗುವವನನ್ನು ತಡೆಯಬೇಡಿರಿ, ಅವನ ಸಂಗಡ ಹೋಗಿರಿ.

ಪ್ರಿಯರೇ, ಮಣ್ಣು ಉಳಿದ ಮಾತ್ರಕ್ಕೆ ಆತ್ಮವು ಉಳಿಯುವದೆಂದು ನಾವು ಬೋಧಿಸುತ್ತಿಲ್ಲ. ರಕ್ಷಣೆಯು ಕ್ರಿಸ್ತನ ಶಿಲುಬೆಯಿಂದಲೇ. ಆದರೆ ಆ ರಕ್ಷಕನು ತನ್ನ ಪ್ರೀತಿಯನ್ನು ತಿಳಿಸುವದಕ್ಕೆ ಎಂಥ ಸಾಮ್ಯವನ್ನು ಆರಿಸಿಕೊಂಡನೆಂದು ನೋಡಿರಿ. ಲೂಕನ 13ನೆಯ ಅಧ್ಯಾಯದಲ್ಲಿ ಮೂರು ವರುಷ ಹಣ್ಣು ಕೊಡದ ಅಂಜೂರದ ಗಿಡವನ್ನು ಕಡಿಯೆಂದು ಯಜಮಾನನು ಹೇಳುತ್ತಾನೆ. ತೋಟಗಾರನು ಅಡ್ಡಬಂದು, ಇನ್ನೊಂದು ವರುಷ ಬಿಡಬೇಕು, ಬುಡವನ್ನು ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಅವನು ಬರೀ ಬೇಡಿಕೊಂಡು ಸುಮ್ಮನಾಗಲಿಲ್ಲ. ಗುದ್ದಲಿಯನ್ನೂ ಗೊಬ್ಬರವನ್ನೂ ತರುವೆನೆಂದನು. ಪ್ರಾರ್ಥನೆಯೂ ಗುದ್ದಲಿಯೂ ಒಂದೇ ಕೈಯಲ್ಲಿದ್ದವು. ಏನೆಂದು ಪ್ರಾರ್ಥಿಸಲಿ ಎಂದು ಆ ವೃದ್ಧನು ಕೇಳಿದ್ದಕ್ಕೆ ಉತ್ತರ ಇದೇ: ಕರ್ತನೇ, ಇನ್ನೊಂದು ವರುಷ ಬಿಡು, ನಾನು ಅಗೆಯುವದಕ್ಕೆ ಕಲಿಯುತ್ತೇನೆ ಎಂದು ಪ್ರಾರ್ಥಿಸೋಣ. ಫಲವಿಲ್ಲದ ನಮ್ಮ ಜೀವಕ್ಕೋಸ್ಕರ ನಮ್ಮ ಕರ್ತನು ಹಾಗೆಯೇ ಬೇಡಿಕೊಂಡು ನಮ್ಮ ಬುಡದಲ್ಲಿ ದುಡಿಯುತ್ತಿದ್ದಾನೆ.

ಪ್ರಾರ್ಥನೆ. ಪರಲೋಕದ ತಂದೆಯೇ, ಭೂಮಿಯೂ ಅದರ ಮಣ್ಣೂ ನಿನ್ನವು. ನಾವು ಕಾಯದೆ ಬಿಟ್ಟದ್ದನ್ನು ಕ್ಷಮಿಸು. ತಗ್ಗಿನಲ್ಲಿರುವವರ ನೋವನ್ನು ದಿಬ್ಬದವರಿಗೂ ದಿಬ್ಬದವರ ಕಷ್ಟವನ್ನು ತಗ್ಗಿನವರಿಗೂ ತಿಳಿಯಮಾಡು. ಕಲಿಯುವ ಮನಸ್ಸನ್ನೂ ಕೂಡಿ ದುಡಿಯುವ ಕೈಗಳನ್ನೂ ಕೊಡು. ಕಾಲಕಾಲಕ್ಕೆ ಮಳೆಯನ್ನು ಅನುಗ್ರಹಿಸು. ಅದು ಬಂದಾಗ ನಿಂತು ಇಂಗುವ ನೆಲವನ್ನೂ ವಾಕ್ಯವು ಇಳಿದು ಬೇರೂರುವ ಆಳವಾದ ಹೃದಯವನ್ನೂ ನಮ್ಮಲ್ಲಿ ಸಿದ್ಧಮಾಡು. ಯೇಸುಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.